ಮೊಟ್ಟೆಯ ಸಂಪುಟದ ಕೊನೆಯ ಅರ್ಧ ಪುಟ

ಮೇ 27, ಸೋಮವಾರ

ಇಂದಿನಿಂದ ದಿನಚರಿ ಬರೆಯುವುದೆಂದು ತೀರ್ಮಾನವಾಗಿದೆ. ತೀರ್ಮಾನ ನನ್ನದಲ್ಲ, ನನ್ನ ಹೆಂಡತಿ ಪೆಸಿಯಾಳದು. ಮದುವೆಯಾದಂದಿನಿಂದ ನನ್ನ ತರಗತಿಯ ಪುರಾಣವನ್ನು ಊಟದ ಮೇಜಿನಲ್ಲಿ ಕೇಳಿ ಕೇಳಿ ಅವಳ ಕಿವಿ ಸವೆದಿದೆಯಂತೆ. "ಈ ಪುಸ್ತಕಕ್ಕೆ ಹೇಳ್ಕೋ. ಅದು ಆಕಳಿಸೋದಿಲ್ಲ" ಎಂದು ಕೈಗಿಟ್ಟು ಹೋದಳು.

ಹಾಗಾದರೆ ಪುಸ್ತಕವೇ, ಕೇಳು. ಇದು ವಿನ್ನಿಪೆಗ್‌ನ ನಮ್ಮ ಯಹೂದಿ ಪ್ರೌಢಶಾಲೆಯ ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆಯಬೇಕಾದ ವರ್ಷ. ಸುವರ್ಣ ದುಬಾರಿಯಾದ್ದರಿಂದ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದೇನೆ. ರಬ್ಬಿ ನಫ್ತಾಲಿ ಸ್ಟೋಲರ್ ಎಂಬ ಈ ವಿನಯಶೀಲ ಅಧ್ಯಾಪಕ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಹನ್ನೆರಡನೆಯ ತರಗತಿಯೊಂದಿಗೆ ನಮ್ಮ ಧರ್ಮಶಾಸ್ತ್ರದ ಒಂದು ಸಂಪುಟವನ್ನು ಪೂರ್ತಿ ಮುಗಿಸಲಿದ್ದಾನೆ.

ಹಬ್ಬದ ದಿನ ಯಾವ ಕೆಲಸ ಮಾಡಬಹುದು, ಯಾವುದು ಕೂಡದು ಎಂದು ನಮ್ಮ ಹಿರಿಯರು ಎಂದೋ ಆಡಿದ ಜಗಳಗಳೆಲ್ಲ ಆ ಸಂಪುಟದಲ್ಲಿವೆ. ಮೊದಲ ಸಾಲೇ ಮೊಟ್ಟೆ: ಹಬ್ಬದ ದಿನ ಕೋಳಿ ಇಟ್ಟ ಮೊಟ್ಟೆಯನ್ನು ಅವತ್ತೇ ತಿನ್ನಬಹುದೋ, ಬಾರದೋ? ಹಾಗಾಗಿ ಮಕ್ಕಳ ಬಾಯಲ್ಲಿ ಅದು ಮೊಟ್ಟೆಯ ಸಂಪುಟ. ಪ್ರತಿ ಸೆಪ್ಟೆಂಬರಿನಲ್ಲಿ ಮೊಟ್ಟೆಯಿಂದ ಹೊರಡುತ್ತೇನೆ. ಪ್ರತಿ ಜೂನಿನಲ್ಲಿ ಎಲ್ಲೋ ದಾರಿಯ ಮಧ್ಯೆ ಗಂಟೆ ಹೊಡೆಯುತ್ತದೆ, ಮಕ್ಕಳು ಟೋಪಿ ತೂರಿ ಮನೆಗೆ ಹೋಗುತ್ತಾರೆ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ನನ್ನ ಮಾವ ಇಲ್ಲದಿದ್ದರೆ. ನಮ್ಮ ಜೊತೆಯಲ್ಲೇ ಇರುವ ಹೆರ್ಷ್ ಮಾವ, ಪೆಸಿಯಾಳ ತಂದೆ, ನನ್ನ ತರಗತಿಯ ಕೋಣೆಯಲ್ಲೇ ನನಗಿಂತ ಮೊದಲು ಪಾಠ ಹೇಳಿದವರು. ಅವರು ಪ್ರತಿ ವರ್ಷವೂ ಮುಗಿಸಿದವರು. ತೊಂಬತ್ತು ದಾಟಿದರೂ ಬೀಳ್ಕೊಡುಗೆಯ ಊಟವನ್ನು ಒಂದು ವರ್ಷವೂ ತಪ್ಪಿಸಿಲ್ಲ. ಕಿವಿ ಮಂದ, ಆದ್ದರಿಂದ ದನಿ ದೊಡ್ಡದು. ಇಡೀ ಸಭಾಂಗಣಕ್ಕೆ ಕೇಳುವಂತೆ ವರ್ಷಕ್ಕೊಮ್ಮೆ ಅದೇ ಪ್ರಶ್ನೆ: "ಏನಪ್ಪಾ ನಫ್ತಾಲಿ, ಮುಗೀತಾ?" ನಾನು "ಇನ್ನೇನು ಮಾವ, ಸ್ವಲ್ಪ ಇದೆ" ಎನ್ನುತ್ತೇನೆ. ಅವರು ಉಪ್ಪಿನಕಾಯಿಯ ಸೌತೆ ಕಡಿಯುತ್ತಾರೆ. ಆ ಕಟಕ್ ಶಬ್ದ ನನಗೆ ಮುಂದಿನ ಜೂನಿನವರೆಗೂ ಕೇಳಿಸುತ್ತಿರುತ್ತದೆ.

ಈ ಸಲ ಇನ್ನು ಮೂರೇ ಹಾಳೆ. ಊಟ ಜೂನ್ ಇಪ್ಪತ್ತಕ್ಕೆ.

ಮೇ 30, ಗುರುವಾರ

ಶಾಲೆ ಬಿಡುವ ಮಕ್ಕಳು ವರ್ಷದ ಕೊನೆಗೆ ಮೇಷ್ಟ್ರಿಗೆ ಏನಾದರೊಂದು ಚೇಷ್ಟೆ ಮಾಡುವುದು ಇಲ್ಲಿಯ ಕ್ರಮ. ಹಿಂದಿನ ವರ್ಷದವರು ಚಳಿಗಾಲದಲ್ಲೇ ನನ್ನ ಕುರ್ಚಿಯನ್ನು ಹಿಮದ ಗುಡ್ಡೆಯ ಮೇಲಿಟ್ಟು ಫೋಟೊ ತೆಗೆದಿಟ್ಟು ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ಹಾಕಿದ್ದರು. ಈ ಸಲ ಬಾಗಿಲು ತೆರೆದರೆ ಮೇಜಿನ ಮೇಲೆ ಕೋಳಿ. ಜೀವಂತ. ಕೊರಳಿನಲ್ಲಿ ಚೀಟಿ: "ರಬ್ಬಿ, ಸಂದೇಹವಿದ್ದರೆ ನೇರವಾಗಿ ಇವಳನ್ನೇ ಕೇಳಿ."

ಗಿದೋನ್ ಮಜಾರ್‌ನ ಕೆಲಸ. ಈ ತರಗತಿಯ ವಿದೂಷಕ ಅವನೇ. ಚಿಕ್ಕಪ್ಪನ ತೋಟದಿಂದ ಬಸ್ಸಿನಲ್ಲಿ, ಹೆಗಲ ಚೀಲದಲ್ಲಿ ತಂದನಂತೆ. ನಾನು ಕಠೋರ ಮುಖ ಮಾಡಿ ನಿಂತೆ. ಕೋಳಿ ನನಗಿಂತ ಕಠೋರವಾಗಿ ನಿಂತಿತು. ಹನ್ನೊಂದು ಮಕ್ಕಳೂ ಬಿದ್ದು ಬಿದ್ದು ನಕ್ಕರು.

ಮುಖ್ಯೋಪಾಧ್ಯಾಯಿನಿ ಬ್ಲೂಮಾ ಕರಾಸಿಕ್ ಬಂದು, ಶಾಲೆಯ ನಿಯಮಾವಳಿಯಲ್ಲಿ ಕೋಳಿಯ ಪ್ರಸ್ತಾಪವೇ ಇಲ್ಲವೆಂದು ವಿಷಾದದಿಂದ ಹೇಳಿದರು. ಕೊನೆಗೆ ಅದು ನಮ್ಮ ಮನೆ ಸೇರಿದೆ. ಪೆಸಿಯಾ ಹಿತ್ತಿಲಿನಲ್ಲಿ ಹಣ್ಣಿನ ಪೆಟ್ಟಿಗೆಯೊಂದನ್ನು ಗೂಡು ಮಾಡಿ, ಈ ಮನೆಯಲ್ಲಿ ಹೇಳಿದ ಮಾತು ಕೇಳುವವರು ಒಬ್ಬರಾದರೂ ಬಂದರಲ್ಲ ಎಂದಳು.

ಜೂನ್ 3, ಸೋಮವಾರ

ಒಂದು ಹಾಳೆ ಆಗಬೇಕಿತ್ತು, ಅರ್ಧ ಆಯಿತು. ಕಾರಣ: ಶಿಫ್ರಾ ಲೆಂಕಿನ್.

ಈ ಹುಡುಗಿ ನಮ್ಮ ಐಸ್ ಹಾಕಿ ತಂಡದ ಗೋಲ್‌ಕೀಪರ್. ಬರುವುದನ್ನೆಲ್ಲ ತಡೆಯುವುದು ಅವಳ ಹುಟ್ಟುಗುಣ. ಕಿಟಕಿಯ ಪಕ್ಕ ಕೂರುತ್ತಾಳೆ, ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದಾಳೆ, ಹಳೆಯ ಲಿಪಿಯನ್ನು ಕಲ್ಲುದಾರಿಯಲ್ಲಿ ಸೈಕಲ್ ಹೊಡೆದಂತೆ ಓದುತ್ತಾಳೆ. ಪಾಠ ಒಂದು ಲಯಕ್ಕೆ ಬಂತೆನ್ನುವಾಗ ಕೈ ಮೇಲೇಳುತ್ತದೆ: "ರಬ್ಬಿ, ಒಂದು ಪ್ರಶ್ನೆ." ಸೆಪ್ಟೆಂಬರಿನ ಮೊದಲ ದಿನವೇ ಕೇಳಿದಳು: "ಅವತ್ತು ಹಬ್ಬ ಅಂತ ಕೋಳಿಗೆ ಯಾರು ಹೇಳಿದ್ರು?" ಎಲ್ಲರೂ ನಕ್ಕರು. ಮೊಟ್ಟೆಯಿಟ್ಟದ್ದು ಕೋಳಿಯ ತಪ್ಪೋ, ಮುಟ್ಟಿದ್ದು ಮನುಷ್ಯನ ತಪ್ಪೋ ಎಂದು ಬಿಡಿಸಿ ಹೇಳುವಷ್ಟರಲ್ಲಿ ಎರಡು ದಿನ ಹೋಗಿತ್ತು. ಅವಳ ಪ್ರಶ್ನೆಗಳು ತಿಂದ ಪುಟಗಳನ್ನೆಲ್ಲ ಒಟ್ಟುಮಾಡಿದರೆ ಇನ್ನೊಂದು ಸಂಪುಟವನ್ನೇ ಮುಗಿಸಿಬಿಡಬಹುದಿತ್ತು.

ಇರಲಿ. ಯೋಜನೆ ಹೀಗಿದೆ. ಮುಂದಿನ ವಾರದ ಹಬ್ಬದ ಮೊದಲು ಪಾಠವನ್ನೆಲ್ಲ ಮುಗಿಸಿ, ಕೊನೆಯ ಅರ್ಧ ಪುಟವನ್ನು ಮಾತ್ರ ಮುಟ್ಟದೆ ಇಡುವುದು. ಸಂಪುಟ ಮುಗಿಸುವವರು ಹಾಗೆಯೇ ಮಾಡುತ್ತಾರೆ. ಕೊನೆಯ ಸಾಲುಗಳನ್ನು ಊಟಕ್ಕೆ ಕೂತ ಬಂಧುಮಿತ್ರರ ಎದುರು ಓದಿ ಮುಗಿಸಬೇಕು, ನಿನ್ನ ಬಳಿಗೆ ಮತ್ತೆ ಬರುತ್ತೇವೆಂದು ಆ ಸಂಪುಟಕ್ಕೇ ಮಾತು ಕೊಡಬೇಕು, ಆಮೇಲೆ ಮಾಂಸದ ತಟ್ಟೆಗೆ ಕೈ ಹಾಕಬೇಕು. ಮುಗಿಸಲು ಏನೂ ಉಳಿದಿಲ್ಲದಿದ್ದರೆ ಅದು ಸಮಾಪ್ತಿಯ ಊಟವಲ್ಲ, ಬರೀ ಊಟ.

ಆ ಅರ್ಧ ಪುಟವನ್ನು ಓದುವವನು ನಾನೇ. ಭಾಷಣವೂ ತಯಾರಾಗುತ್ತಿದೆ. ವಿಷಯ: ಅಧ್ಯಾಪಕನ ತಾಳ್ಮೆ. ಈಗಾಗಲೇ ಹದಿನಾಲ್ಕು ಪುಟ.

ಜೂನ್ 7, ಶುಕ್ರವಾರ

ಸೊಳ್ಳೆಗಳು ಬಂದವು. ಭಾಷಣ ಹದಿನೇಳು ಪುಟ.

ಜೂನ್ 11, ಮಂಗಳವಾರ

ಸಂಜೆಯಿಂದ ಶಾವುಓತ್, ನಮ್ಮವರು ಧರ್ಮಗ್ರಂಥ ಪಡೆದ ನೆನಪಿನ ಹಬ್ಬ. ಎರಡು ದಿನ ಲೇಖನಿ ಮುಟ್ಟುವಂತಿಲ್ಲವಾದ್ದರಿಂದ ಈಗಲೇ ಬರೆಯುತ್ತಿದ್ದೇನೆ. ಇಂದು ಮಧ್ಯಾಹ್ನ ಸರಿಯಾಗಿ ಕೊನೆಯ ಅರ್ಧ ಪುಟದ ಅಂಚಿಗೆ ಬಂದು ನಿಂತೆವು. ನಾನು ಪುಟದ ಮೇಲೆ ಕೈಯಿಟ್ಟು, ಇದು ಇಪ್ಪತ್ತಕ್ಕೆ, ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಗಾಂಭೀರ್ಯಕ್ಕೆ ಬೆರಗಾಗಿರಬೇಕು.

ಇವತ್ತು ಪ್ರಾರ್ಥನಾ ಮಂದಿರದಲ್ಲಿ ಜಾಗರಣೆ. ಬೆಳಗಾಗುವವರೆಗೆ ಓದು, ನಡುನಡುವೆ ಚೀಸ್ ಕೇಕು. ನನ್ನ ತರಗತಿಯವರೆಲ್ಲ ಬರುತ್ತಾರೆ. ಮಕ್ಕಳು ತೂಕಡಿಸದಂತೆ ನೋಡಿಕೊಳ್ಳುವ ಹೊಣೆ ನನ್ನದು.

ಜೂನ್ 14, ಶುಕ್ರವಾರ

ಸರ್ವನಾಶವಾಯಿತು.

ಕ್ರಮವಾಗಿ ಬರೆಯುತ್ತೇನೆ. ಜಾಗರಣೆಯ ರಾತ್ರಿ ಮೂರನೆಯ ತುಂಡು ಕೇಕಿನ ನಂತರ, ಒಂದು ಕ್ಲಿಷ್ಟ ವಿಷಯವನ್ನು ಆಳವಾಗಿ ಚಿಂತಿಸುವ ಸಲುವಾಗಿ ನಾನು ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿದ್ದು ನಿಜ. ಚಿಂತನೆ ಸ್ವಲ್ಪ ದೀರ್ಘವಾಯಿತು. ಕಣ್ಣು ತೆರೆದಾಗ ಕಿಟಕಿಯಲ್ಲಿ ಬೆಳಕಿತ್ತು, ಮಕ್ಕಳು ನನ್ನ ಸುತ್ತ ನಿಂತು ವಿಚಿತ್ರವಾಗಿ ನಗುತ್ತಿದ್ದರು. ಹಬ್ಬದ ಸಂತೋಷವೆಂದುಕೊಂಡೆ.

ಇಂದು ಶಾಲೆಗೆ ಹೋದರೆ ಕಪ್ಪುಹಲಗೆಯ ತುಂಬ ದೊಡ್ಡ ಅಕ್ಷರ: "ಮುಗೀತು ಮಾವ!"

ನಾನು ಗೊರಕೆ ಹೊಡೆಯುತ್ತಿದ್ದಾಗ (ಗೊರಕೆ ಎಂಬುದು ಗಿದೋನ್‌ನ ಮಾತು) ಅವರು ಸಂಪುಟ ಬಿಚ್ಚಿ, ನಿಘಂಟು ಹಿಡಿದು, ತಮ್ಮಷ್ಟಕ್ಕೆ ತಾವೇ ಕೊನೆಯ ಅರ್ಧ ಪುಟವನ್ನು ಓದಿ ಮುಗಿಸಿದ್ದಾರೆ. ಯಾರೂ ಹೇಳಿಕೊಡದೆ. ಕೊನೆಯ ಚುಕ್ಕೆಯವರೆಗೆ.

ಏಕೆ ಹಾಗೆ ಮಾಡಿದಿರೆಂದು ಕೇಳಿದೆ. ದನಿ ಸ್ವಲ್ಪ ಕೀರಲಾಗಿದ್ದಿರಬಹುದು. ಗಿದೋನ್‌ನ ನಗು ಇಳಿಯಿತು.

"ನಿಮಗೆ ಟೈಮ್ ಸಾಲಲ್ಲ ಅಂದ್ಕೊಂಡ್ವಿ ರಬ್ಬಿ. ಪ್ರತಿ ವರ್ಷದ ಹಾಗೆ. ಆ ಅಜ್ಜ ಎಲ್ಲರ ಮುಂದೆ ಕೇಳ್ತಾರಲ್ಲ, ನಾವು ಚಿಕ್ಕೋರಿದ್ದಾಗಿಂದ ನೋಡಿದೀವಿ. ಈ ಸಲ ನೀವು ಹೂಂ ಅನ್ನಲಿ ಅಂತ."

ಸಮಾಪ್ತಿಗೆಂದು ಬೇಕೆಂದೇ ಉಳಿಸಿಟ್ಟದ್ದೆಂದು ನಾನು ಅವರಿಗೆ ಬಿಡಿಸಿ ಹೇಳಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಸಮಾಪ್ತಿ ಕಾಣದ ಕೋಣೆಯಲ್ಲಿ ಅದು ಅವರಿಗೆ ಗೊತ್ತಾಗುವುದಾದರೂ ಹೇಗೆ? ಈಗ ಹೇಳಿದೆ. ಅಷ್ಟೂ ಮುಖಗಳು ಒಟ್ಟಿಗೆ ಬಾಡಿದವು. ಬೈಯಬೇಕೆಂದು ಬಾಯಿ ತೆರೆದವನು, ಹಿಂಸೆ ಕೊಡುವ ವ್ಯಾಕರಣದ ಆ ನಡುವಿನ ಸಾಲನ್ನು ಹೇಗೆ ಬಿಡಿಸಿದಿರೆಂದು ಕೇಳಿಬಿಟ್ಟೆ. ಬಿಡಿಸಿ ತೋರಿಸಿದರು. ಸರಿಯಾಗಿತ್ತು. ಒಂದು ಕಡೆ ನಾನು ಪ್ರತಿ ಸಲ ತಪ್ಪುವಲ್ಲಿಯೂ ಸರಿಯಾಗಿತ್ತು. ಇದರಿಂದ ನನ್ನ ಸಂಕಟ ಕಡಿಮೆಯಾಗಲಿಲ್ಲವೆಂದು ದಾಖಲಿಸುತ್ತೇನೆ.

ಬ್ಲೂಮಾ ಕರಾಸಿಕ್ ಅವರಿಗೆ ಇದೊಂದು ಸಮಸ್ಯೆಯೇ ಅಲ್ಲ. "ಆ ಸಾಲನ್ನೇ ಇನ್ನೊಂದ್ಸಲ ಓದಿ. ಮುನ್ನೂರು ಜನಕ್ಕೆ ಊಟ ಹೇಳಿದೀನಿ. ಯಾರಿಗೆ ಗೊತ್ತಾಗುತ್ತೆ?" ಮಕ್ಕಳಿಗೆ ಗೊತ್ತಲ್ಲ ಎಂದೆ. ಮುಗಿದದ್ದನ್ನು ಮುಗಿಯುತ್ತಿರುವಂತೆ ನಟಿಸುವುದನ್ನು ನಾನು ಅವರಿಗೆ ಕೊನೆಯ ಪಾಠವಾಗಿ ಕಲಿಸಲೇ?

ಗಿದೋನ್‌ನ ಬಳಿ ಎರಡು ಪರಿಹಾರಗಳಿದ್ದವು. ಒಂದು, ಇಪ್ಪತ್ತರೊಳಗೆ ಎಲ್ಲರೂ ಸೇರಿ ಮರೆತುಬಿಡುವುದು. "ಪರೀಕ್ಷೆಗೆ ಓದಿದ್ದೆಲ್ಲ ಹಾಗೇ ಮರ್ತಿದೀವಿ ರಬ್ಬಿ, ಅಭ್ಯಾಸ ಇದೆ." ಎರಡನೆಯದು, ತರಗತಿ ಓದುವಾಗ ನಿದ್ದೆ ಮಾಡಿದ್ದ ನಾನು ಲೆಕ್ಕಕ್ಕೆ ಗೈರುಹಾಜರಾದ್ದರಿಂದ ನಾನೇ ಓದಿ ಮುಗಿಸುವುದು. ಎರಡನೆಯದು ಶಾಸ್ತ್ರಕ್ಕೆ ಅಷ್ಟೇನೂ ದೂರವಿಲ್ಲ. ನನಗೆ ಬೇಕಾದದ್ದೂ ಅದೇ. ಆದರೆ ಓದುವ ಮೊದಲು ಕಾರಣ ಹೇಳಬೇಕು. ಮುನ್ನೂರು ಜನರ ಎದುರು, ಮಾವನ ಎದುರು, ಜಾಗರಣೆಯಲ್ಲಿ ಕಾವಲಿಗಿದ್ದವನೇ ಮಲಗಿದ್ದನೆಂದು ಹೇಳಬೇಕು.

ಸೂರ್ಯ ಇಳಿಯುತ್ತಿದ್ದಾನೆ. ವಾರದ ವಿಶ್ರಾಂತಿಯ ಶಬ್ಬತ್ ಬಂತು, ಲೇಖನಿ ಇಡುತ್ತೇನೆ.

ಜೂನ್ 16, ಭಾನುವಾರ

ನಿನ್ನೆ ಮಧ್ಯಾಹ್ನದ ಊಟದಲ್ಲಿ ಪೆಸಿಯಾ ಯಾವುದೋ ಯೋಚನೆಯಲ್ಲಿ ಕೇಳಿದಳು: "ಆ ಪ್ರಶ್ನೆ ಹುಡುಗಿ ಜಾಗರಣೆಗೆ ಬಂದಿದ್ಲಾ?"

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಶಿಫ್ರಾ! ಅವಳ ಮನೆ ನದಿಯಾಚೆ, ಊರಿನ ಇನ್ನೊಂದು ತುದಿ. ಹಬ್ಬದ ದಿನ ವಾಹನ ಹತ್ತುವಂತಿಲ್ಲ, ಅಷ್ಟು ದೂರ ನಡೆಯುವುದು ಕಷ್ಟ. ಗೆಳತಿಯ ಮನೆಯಲ್ಲಿ ಉಳಿಯುತ್ತೇನೆಂದಿದ್ದವಳನ್ನು, ಮುಂದಿನ ವರ್ಷ ಹ್ಯಾಲಿಫ್ಯಾಕ್ಸ್‌ಗೆ ಓದಲು ಹೋಗುವವಳು ಈ ಹಬ್ಬಕ್ಕಾದರೂ ಮನೆಯಲ್ಲಿರು ಎಂದು ತಾಯಿ ಉಳಿಸಿಕೊಂಡಿದ್ದರು. ಶುಕ್ರವಾರವೂ ಅವಳು ಬಂದಿರಲಿಲ್ಲ. ಅಂದರೆ ನಮ್ಮ ತರಗತಿಯಲ್ಲಿ ಒಬ್ಬಳ ಪಾಲಿಗೆ ಕೊನೆಯ ಅರ್ಧ ಪುಟ ಇನ್ನೂ ಮುಟ್ಟದೆ ಉಳಿದಿದೆ. ಉಳಿದಿದೆಯೇ? ಗೆಳತಿಯರಿಂದ ವಿಷಯ ತಿಳಿದು ತಾನೂ ಮನೆಯಲ್ಲಿ ಕೂತು ಓದಿಬಿಟ್ಟಿದ್ದರೆ? ಕೇಳೋಣವೆಂದರೆ ಶಬ್ಬತ್ ದಿನ ಫೋನು ಮುಟ್ಟುವಂತಿಲ್ಲ. ಜೂನಿನಲ್ಲಿ ಈ ಊರಿನ ಸೂರ್ಯ ಮುಳುಗಲು ಮಾಡುವ ಆಲಸ್ಯ ಕಾದು ಕೂತವರಿಗೇ ಗೊತ್ತು.

ಇಂದು ಬೆಳಗ್ಗೆ ಫೋನು ಮಾಡಿದೆ. "ಶಿಫ್ರಾ, ಕೊನೆಯ ಅರ್ಧ ಪುಟ ಓದಿದೀಯಾ?"

 ಅತ್ತ ಕಡೆಯಿಂದ ಅಳುಕುತ್ತ, "ಇಲ್ಲ ರಬ್ಬಿ. ಸಾರಿ. ಈಗ ಕೂತ್ಕೊಂಡು ಓದ್ತೀನಿ."

"ಬೇಡ! ಓದಬೇಡ. ದಯವಿಟ್ಟು ಓದಬೇಡ" ಎಂದು ಕೂಗಿದೆ. ಪೆಸಿಯಾ ಅಡುಗೆಮನೆಯಿಂದ ಇಣುಕಿ, ಹತ್ತೊಂಬತ್ತು ವರ್ಷದ ಮೇಷ್ಟ್ರಿಕೆಗೆ ತಲೆ ಕೆಟ್ಟಿತೇ ಎಂಬಂತೆ ನೋಡಿದಳು.

ಕಾರು ಹತ್ತಿ ನದಿಯಾಚೆ ಹೋದೆ. ಬಾಗಿಲು ತೆರೆದ ಅವಳ ತಾಯಿಗೆ, ನಿಮ್ಮ ಮಗಳ ಪುಸ್ತಕವನ್ನು ಜಪ್ತಿ ಮಾಡಲು ಬಂದಿದ್ದೇನೆ ಎಂದೆ. ಈ ದಿನಕ್ಕಾಗಿಯೇ ಕಾದಿದ್ದವರಂತೆ ಅವರು ಪಕ್ಕಕ್ಕೆ ಸರಿದು ಒಳಗೆ ಬಿಟ್ಟರು. ಶಿಫ್ರಾ ಸಂಪುಟ ತಂದುಕೊಟ್ಟಳು. ವಿಷಯ ಹೇಳಿದೆ. ಇಪ್ಪತ್ತನೇ ತಾರೀಖು ನೀನು ಎಲ್ಲರೆದುರು ಓದಬೇಕು, ನೋಡದೆ, ಸಿದ್ಧತೆಯಿಲ್ಲದೆ, ಮೊದಲ ಸಲ.

 "ನಾನಾ? ರಬ್ಬಿ, ನಾನು ಓದೋದು ಹೇಗೆ ಅಂತ ನಿಮಗೆ ಗೊತ್ತಲ್ಲ. ಎಲ್ಲರೂ ನಗ್ತಾರೆ. ನಿಮ್ಮ ಮಾವ ಉಪ್ಪಿನಕಾಯಿ ಕಡೀತಾರೆ."

"ಮಧ್ಯೆ ನಿಂತರೆ ನಾನು ಪಕ್ಕದಲ್ಲೇ ಇರ್ತೀನಿ."

"ಮಧ್ಯೆ ನಿಲ್ಲದೆ ನಾನು ಒಂದು ಸಾಲಾದ್ರೂ ಓದಿದೀನಾ?" ಎಂದಳು. ಸ್ವಲ್ಪ ಹೊತ್ತು ಚಾಪೆಯ ಅಂಚನ್ನು ಕಾಲಿನಿಂದ ತಳ್ಳಿ, "ಆ ಹತ್ತು ಜನ ನಿಮಗೋಸ್ಕರ ಓದಿದ್ದು ಹಾಳಾಗಬಾರದು, ಅಷ್ಟೇ ತಾನೆ? ಸರಿ, ನಿಲ್ತೀನಿ. ಗೋಲ್ ಹೊಡೆಸ್ಕೊಂಡ್ರೆ ಬೈಬೇಡಿ."

ನಾನೇ ಓದಬಹುದಾಗಿದ್ದನ್ನು ಅವಳಿಗೆ ಕೊಟ್ಟದ್ದು ನಿದ್ದೆಯ ವಿಚಾರ ಹೊರಬೀಳದಿರಲೆಂದು ಮಾತ್ರ. ಇದು ಇಲ್ಲಿ ಸ್ಪಷ್ಟವಾಗಿರಲಿ.

ಮರೆತಿದ್ದೆ: ಹಬ್ಬದ ಮೊದಲ ದಿನವೇ ಕೋಳಿ ಮೊಟ್ಟೆಯಿಟ್ಟಿತ್ತು. ಇಷ್ಟು ವರ್ಷ ಪಾಠ ಹೇಳಿದ್ದು ಹಿತ್ತಿಲಿಗೇ ಬಂತು. ಮಾವ ಅದರ ಮೇಲೆ ಬಟ್ಟಲು ಮುಚ್ಚಿ ಅಂದು ಯಾರಿಗೂ ಮುಟ್ಟಗೊಡಲಿಲ್ಲ. ಮರುದಿನ ತಾವೇ ತಿಂದರು.

ಜೂನ್ 18, ಮಂಗಳವಾರ

ಶಾಲೆ ತುಂಬ ಪಿತೂರಿ. ಶಿಫ್ರಾಳ ಕಿವಿಗೆ ಕೊನೆಯ ಅರ್ಧ ಪುಟದ ಒಂದು ಪದವೂ ಬೀಳದಂತೆ ತರಗತಿಯವರು ಸರದಿಯ ಮೇಲೆ ಕಾವಲು ನಿಂತಿದ್ದಾರೆ. ಅವಳು ಊಟಕ್ಕೆ ಹೋದರೆ ಇಬ್ಬರು, ಬಸ್ಸಿಗೆ ಹೋದರೆ ಮೂವರು. ಓದಬೇಡವೆಂದ ಕ್ಷಣದಿಂದ ಅವಳಿಗೆ ಓದುವ ಹುಚ್ಚು ಹಿಡಿದಿದೆ. ಒಂದೇ ಒಂದು ಪದ ಹೇಳಿ ಎಂದು ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ನನ್ನ ಹಿಂದೆ ಬಿದ್ದಳು. ಈ ತಂತ್ರ ಸೆಪ್ಟೆಂಬರಿನಲ್ಲೇ ಹೊಳೆದಿದ್ದರೆ ನಾನು ಇಷ್ಟರಲ್ಲಿ ಹತ್ತು ಸಂಪುಟ ಮುಗಿಸಿರುತ್ತಿದ್ದೆ.

ಗಿದೋನ್ ಮಾತ್ರ ಮೊಗಸಾಲೆಯಲ್ಲಿ ಅವಳು ಎದುರಾದಾಗಲೆಲ್ಲ "ಅಂಬಾ" ಎನ್ನುತ್ತಾನೆ. ಕರೆದು ಗದರಿದೆ. "ನಾನೇನು ಹೇಳ್ದೆ ರಬ್ಬಿ? ಆಕಳಿಸಿದೆ" ಎಂದ.

"ಕೊನೇಲಿ ಹಸು ಬರುತ್ತೆ ಅಲ್ವಾ?" ಎಂದು ಶಿಫ್ರಾ ಕಣ್ಣು ಕಿರಿದು ಮಾಡಿದಳು. ನಾನು ಕಲ್ಲಿನಂತೆ ನಿಂತೆ.

ಭಾಷಣ ಇಪ್ಪತ್ತೆರಡು ಪುಟವಾಗಿ ಸಿದ್ಧವಾಗಿದೆ. ಕೋಟಿನ ಒಳಜೇಬಿನಲ್ಲಿಟ್ಟಿದ್ದೇನೆ.

ಜೂನ್ 21, ಶುಕ್ರವಾರ

ಸಭಾಂಗಣ ತುಂಬಿತ್ತು. ಅಜ್ಜಿಯರು, ಅಜ್ಜಂದಿರು, ಹಳೆಯ ವಿದ್ಯಾರ್ಥಿಗಳು, ತೊಡೆಯ ಮೇಲೆ ಕೂಸುಗಳು. ಬಾಗಿಲಲ್ಲಿ ಸೊಳ್ಳೆಗಳ ಇನ್ನೊಂದು ಸಭೆ. ಹಿಂಭಾಗದಿಂದ ಹದವಾಗಿ ಬೆಂದ ಮಾಂಸದ ವಾಸನೆ. ಮಾವ ಮೊದಲ ಸಾಲಿನಲ್ಲಿ ಕೂತು ಉಪ್ಪಿನಕಾಯಿಯ ಬೋಗುಣಿಯನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು.

ನಾನು ವೇದಿಕೆ ಹತ್ತುವುದಕ್ಕೂ ಅವರು ಬಾಯಿ ತೆರೆಯುವುದಕ್ಕೂ ಸರಿಹೋಯಿತು.

"ಏನಪ್ಪಾ ನಫ್ತಾಲಿ, ಮುಗೀತಾ?"

ಸಭಾಂಗಣ ನಕ್ಕಿತು. ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಮೂರನೆಯ ಮೇಜಿನಲ್ಲಿ ಕೂತಿದ್ದ ಹತ್ತು ಮುಖಗಳು ಕಂಡವು. ತಮ್ಮಿಂದ ಎಲ್ಲ ಹಾಳಾಯಿತೇನೋ ಎಂದು ಇನ್ನೂ ಹೆದರಿಕೊಂಡೇ ಕೂತಿದ್ದವು. ಅವರ ತಂದೆತಾಯಿಗಳಿಗೆ ಏನೂ ಗೊತ್ತಿರಲಿಲ್ಲ. ಒಂದೆರಡು ಮಾತು ಹೇಳದೆ ಮುಂದುವರಿಯುವುದು ಸಾಧ್ಯವಾಗಲಿಲ್ಲ.

ಮುಗಿಯಿತು ಮಾವ ಎಂದೆ. ಆದರೆ ನಾನು ಮುಗಿಸಿದ್ದಲ್ಲ. ಜಾಗರಣೆಯ ರಾತ್ರಿ ನಾನು ಹಿಂದಿನ ಬೆಂಚಿನಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾಗ ಈ ಹತ್ತು ಮಕ್ಕಳು ತಾವಾಗಿಯೇ ಓದಿ ಮುಗಿಸಿದರು, ನಾನು ಇಷ್ಟು ವರ್ಷ ತಪ್ಪಾಗಿ ಓದಿಕೊಂಡಿದ್ದ ಒಂದು ಸಾಲನ್ನೂ ಸರಿಯಾಗಿ ಓದಿದರು, ಎಂದೆ. ಒಬ್ಬೊಬ್ಬರ ಹೆಸರನ್ನೂ ಹೇಳಿದೆ. ಹೆಸರು ಹೇಳಿದಂತೆ ಆಯಾ ಮನೆಯವರ ಮೇಜಿನಲ್ಲಿ ಒಬ್ಬ ಅಜ್ಜಿ ಕರವಸ್ತ್ರ ತೆಗೆಯುತ್ತಿದ್ದಳು. ಗಿದೋನ್‌ನ ತಂದೆ, ಆ ಗಡುಸು ಮನುಷ್ಯ, ಎದ್ದು ಬಂದು ಮಗನ ತಲೆಯ ಮೇಲೆ ಒಂದು ಏಟು ಬಿಟ್ಟ, ಮತ್ತೆ ಆ ಕೈಯನ್ನು ಅಲ್ಲಿಂದ ತೆಗೆಯಲೇ ಇಲ್ಲ.

ಆಮೇಲೆ ಶಿಫ್ರಾಳನ್ನು ಕರೆದೆ. ಗೋಲ್ ಕಾಯಲು ಬರುವವಳಂತೆ ಹೆಗಲು ಅಗಲಿಸಿಕೊಂಡು ಬಂದಳು. ಜಪ್ತಿಯಾದ ಸಂಪುಟವನ್ನು ಅವಳ ಮುಂದಿಟ್ಟು ಪುಟ ತೆರೆದೆ. ಅವಳ ಬೆರಳು ಸಾಲಿನ ಕೆಳಗೆ ಹೊರಟಿತು. ಮೊದಲ ಪದಕ್ಕೇ ಎಡವಿದಳು. ಯಾರೋ ನಕ್ಕರು. ಮೂರನೆಯ ಮೇಜಿನಿಂದ ಗಿದೋನ್ ತಿರುಗಿ ನೋಡಿದ ನೋಟಕ್ಕೆ ನಗು ಅಲ್ಲೇ ಸತ್ತಿತು. ಎರಡನೆಯ ಸಾಲಿನ ಹೊತ್ತಿಗೆ ಕಲ್ಲುದಾರಿ ಸ್ವಲ್ಪ ಸಮವಾಯಿತು.

ಆ ಭಾಗದಲ್ಲಿ ಹಸುಗಳ ವಿಚಾರವಿದೆ. ಹಬ್ಬದ ಅಡುಗೆಗೆ ಮನೆಯ ದನವಾದರೆ ಆಗುತ್ತದೆ, ಕಾಡಿನದ್ದು ಆಗದು. ಹಾಗಾದರೆ ಮನೆಯದು ಯಾವುದು, ಕಾಡಿನದು ಯಾವುದು? ವಸಂತದಲ್ಲಿ ಹುಲ್ಲುಗಾವಲಿಗೆ ಹೊರಟು ಮೊದಲ ಮಳೆಗೆ ಹಿಂತಿರುಗುವುದು ಕಾಡಿನದೆಂದು ಒಂದು ಮಾತು. ಇಲ್ಲ, ತಿರುಗಿ ಬರುವುದಾದರೆ ಅದೂ ಮನೆಯದೇ, ಬಿಸಿಲಿರಲಿ ಮಳೆಯಿರಲಿ ಎಂದೂ ಬಾರದೇ ಇರುವುದು ಮಾತ್ರ ಕಾಡಿನದು ಎಂದು ಇನ್ನೊಬ್ಬ ಹಿರಿಯರ ಮಾತು. ಅಲ್ಲಿಗೆ ಸಂಪುಟ ಮುಗಿಯುತ್ತದೆ.

ಇನ್ನೊಂದೇ ಸಾಲು ಉಳಿದಿತ್ತು. ಬಡಿಸುವವರು ತಟ್ಟೆ ಎತ್ತಿ ನಿಂತಿದ್ದರು. ಶಿಫ್ರಾಳ ಬೆರಳು ನಿಂತಿತು. ಕೈ ಮೇಲೆದ್ದಿತು.

"ರಬ್ಬಿ, ಒಂದು ಪ್ರಶ್ನೆ."

ಮೂರನೆಯ ಮೇಜು ಒಂದೇ ದನಿಯಲ್ಲಿ ನರಳಿತು. ಬ್ಲೂಮಾ ಕರಾಸಿಕ್ ಕಣ್ಣು ಮುಚ್ಚಿಕೊಂಡರು. ಕೇಳು ಎಂದೆ.

"ಮಳೆಗೆ ತಿರುಗಿ ಬಂದ್ರೆ ಮನೇದು, ಸರಿ. ಆದ್ರೆ ಹಬ್ಬ ಇರೋದು ಈಗ. ಹಸು ಹುಲ್ಲುಗಾವಲಲ್ಲಿದೆ. ಮಳೆ ಇನ್ನೂ ಬಂದಿಲ್ಲ. ಅದು ವಾಪಸ್ ಬರುತ್ತೋ ಇಲ್ವೋ ಅಂತ ಈಗ್ಲೇ ಯಾರಿಗೆ ಗೊತ್ತು? ಹೊರಗಿರೋವಾಗ ಅದು ಯಾರದ್ದು?"

ಹತ್ತೊಂಬತ್ತು ವರ್ಷದಲ್ಲಿ ಆ ಅರ್ಧ ಪುಟವನ್ನು ನಾನು ಒಬ್ಬನೇ ಎಷ್ಟು ಸಲ ಓದಿದ್ದೇನೋ. ಈ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ಮುನ್ನೂರು ಜನರ ಎದುರು ಧ್ವನಿವರ್ಧಕಕ್ಕೆ ಬಾಯಿಟ್ಟು, "ಗೊತ್ತಿಲ್ಲ ಶಿಫ್ರಾ" ಎಂದೆ. ಹೇಳುವಾಗ ನಾನು ಹಲ್ಲು ಕಿರಿದಿದ್ದೆನೆಂದು ಪೆಸಿಯಾ ಹೇಳುತ್ತಾಳೆ. ನನಗೆ ನೆನಪಿಲ್ಲ.

ಅಲ್ಲಿಂದ ಸಭೆ ಕೈಬಿಟ್ಟು ಹೋಯಿತು. ಹೋದ ವರ್ಷ ಬಂದಿತ್ತಾದರೆ ಈ ವರ್ಷವೂ ಬರುತ್ತದೆಂದು ಎಣಿಸಬೇಕು ಎಂದು ಒಬ್ಬ ತಂದೆ. ಹಸುವಿನ ಮನಸ್ಸು ನಿನಗೇನು ಗೊತ್ತು ಎಂದು ಅವನ ಹೆಂಡತಿ. ಹಳೆಯ ವಿದ್ಯಾರ್ಥಿಗಳು ಎದ್ದು ನಿಂತು ಕೈ ಬೀಸಿ ವಾದಿಸಿದರು, ಒಂದು ಮೇಜಿನವರು ಇನ್ನೊಂದು ಮೇಜಿಗೆ ಹೋಗಿ ಬೆರಳು ತೋರಿಸಿದರು. ಮಾಂಸ ಆರುತ್ತಿದೆಯೆಂದು ಅಡುಗೆಯವನು ಎರಡು ಸಲ ಬಂದು ಹೇಳಿ, ಮೂರನೆಯ ಸಲ ಬಂದವನು ತಾನೂ ಒಂದು ಅಭಿಪ್ರಾಯ ಕೊಟ್ಟು ಹೋದ. ನನ್ನ ತರಗತಿ ಇಡೀ ಊರಿನ ಗಾತ್ರಕ್ಕೆ ಹಿಗ್ಗಿತ್ತು, ನಡುವೆ ಆ ಹುಡುಗಿ ಪುಸ್ತಕದ ಮೇಲೆ ಬೆರಳಿಟ್ಟು, ಉತ್ತರ ಸಿಗದೆ ತೆಗೆಯುವುದಿಲ್ಲವೆಂದು ನಿಂತಿದ್ದಳು.

ಮಾವನಿಗೆ ಪ್ರಶ್ನೆ ಸರಿಯಾಗಿ ಕೇಳಿಸಿರಲಿಲ್ಲ. ಶಿಫ್ರಾ ಕೆಳಗಿಳಿದು ಅವರ ಕಿವಿಯ ಬಳಿ ಮತ್ತೊಮ್ಮೆ ಹೇಳಿದಳು. ಅವರು ಕೈಯಲ್ಲಿದ್ದ ಸೌತೆಯನ್ನು ಕಚ್ಚದೆ ಕೆಳಗಿಟ್ಟರು. ಅದನ್ನು ನಾನು ಈ ಜನ್ಮದಲ್ಲಿ ಮೊದಲ ಸಲ ನೋಡಿದ್ದು.

"ಹಸುವನ್ನ ಯಾಕಮ್ಮಾ ಕೇಳ್ತೀಯಾ?" ಎಂದರು.  "ಹಸುವಿಗೇ ಗೊತ್ತಿರಲ್ಲ. ಯಜಮಾನನ ಕೊಟ್ಟಿಗೆಗೆ ಹೋಗಿ ನೋಡು. ಅದರ ಜಾಗ ಹಾಗೇ ಖಾಲಿ ಇಟ್ಟಿದಾನಾ, ಇಲ್ಲ ಸೌದೆ ತುಂಬಿದಾನಾ? ಖಾಲಿ ಇಟ್ಟಿದ್ರೆ ಅದು ಮನೇದು."

ಶಿಫ್ರಾ ಯೋಚಿಸಿದಳು. ತಲೆಯಾಡಿಸಿದಳು. "ಇದಕ್ಕೆ ಇನ್ನೊಂದು ಪ್ರಶ್ನೆ ಇದೆ" ಎಂದಳು. "ಊಟ ಆದ್ಮೇಲೆ" ಎಂದರು ಬ್ಲೂಮಾ ಕರಾಸಿಕ್, ಯಾವ ಶಾಸ್ತ್ರಕಾರನೂ ತಿದ್ದಲಾರದ ದನಿಯಲ್ಲಿ.

ಅವಳು ವೇದಿಕೆಗೆ ಮರಳಿ ಕೊನೆಯ ಸಾಲನ್ನು ಓದಿದಳು. ಎಡವಲಿಲ್ಲ. ಹನ್ನೊಂದು ಮಕ್ಕಳೂ ಒಟ್ಟಿಗೆ ನಿಂತು, ನಿನ್ನ ಬಳಿಗೆ ಮತ್ತೆ ಬರುತ್ತೇವೆಂದು ಆ ಹಳೆಯ ಸಂಪುಟಕ್ಕೆ ಮಾತು ಕೊಟ್ಟರು. ಆಮೇಲಿನದು ಗದ್ದಲ, ಕುಣಿತ, ಆರಿದ ಮಾಂಸ. ಗಿದೋನ್ ನನ್ನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ನೋಡಿ ವಿಫಲನಾದ. ಚೀಸ್ ಕೇಕಿನ ಪರಿಣಾಮ.

ಹೊರಡುವಾಗ ಶಿಫ್ರಾ ಬಾಗಿಲಲ್ಲಿ ನಿಂತು "ಹೋಗಿ ಬರ್ತೀನಿ ರಬ್ಬಿ" ಎಂದಳು. ಪುಸ್ತಕವನ್ನು ಹಿಂತಿರುಗಿಸಿದೆ. ಎದೆಗೆ ಅವಚಿಕೊಂಡು ಹೋದಳು.

 ಕಾರು ಮನೆ ತಲುಪಿದಾಗ ಮಾವ ಕೇಳಿದರು: "ಆ ಹುಡುಗಿ ಇನ್ನು ಯಾವಾಗ ಬರ್ತಾಳೆ?" ಇದು ಅವರು ನನ್ನ ತರಗತಿಯ ಬಗ್ಗೆ ಕೇಳಿದ ಎರಡನೆಯ ಪ್ರಶ್ನೆ. ಚಳಿಗಾಲದ ರಜೆಗೆ ಎಂದೆ. "ಇನ್ನೊಂದು ಪ್ರಶ್ನೆ ಇದೆ ಅಂದ್ಲಲ್ಲ" ಎಂದು ಗೊಣಗುತ್ತ ಒಳಗೆ ಹೋದರು.

ಭಾಷಣ? ಜೇಬಿನಲ್ಲೇ ಇತ್ತು. ಇಂದು ಬೆಳಗ್ಗೆ ಪೆಸಿಯಾ ಕೋಟನ್ನು ಒಗೆಯಲು ಹಾಕುವಾಗ ಸಿಕ್ಕಿತು. ಕೋಳಿಗೂಡಿನ ತಳಕ್ಕೆ ಹಾಸಿದ್ದೇವೆ. ಇಪ್ಪತ್ತೆರಡು ಪುಟ, ಮೆತ್ತಗಿದೆ.

ಜೂನ್ 25, ಮಂಗಳವಾರ

ಶಾಲೆಗೆ ರಜೆ. ಬೀಗ ಹಾಕಲು ಹೋಗಿದ್ದೆ. ಬ್ಲೂಮಾ ಕರಾಸಿಕ್ ಬಂದು, ಮುಂದಿನ ವರ್ಷ ಹನ್ನೆರಡನೆಯ ತರಗತಿಯಲ್ಲಿ ಏಳೇ ಮಕ್ಕಳು, ಉಳಿದ ಕುರ್ಚಿಗಳನ್ನು ಕೆಳಗಿನ ತರಗತಿಗೆ ಕಳಿಸಿ ಆ ಜಾಗದಲ್ಲಿ ಕಪಾಟು ಇಡುತ್ತೇನೆಂದರು. ಬೇಡವೆಂದೆ. ನೆಲ ಸರಿಯಿಲ್ಲ, ಕಪಾಟು ವಾಲುತ್ತದೆ, ಕಿಟಕಿಯ ಪಕ್ಕದ ಕುರ್ಚಿಗಂತೂ ಕಾಲು ಸಡಿಲ, ಎಳೆದರೆ ಮುರಿಯುತ್ತದೆ, ಎಂದೆಲ್ಲ ಹೇಳಿದೆ. ಅವರು ಹೋಗಿ ಆ ಕುರ್ಚಿಯನ್ನು ಅಲ್ಲಾಡಿಸಿ ನೋಡಿದರು. ಬಂಡೆಯಂತೆ ಗಟ್ಟಿಯಾಗಿತ್ತು.

"ಖಾಲಿ ಕುರ್ಚಿ ಇಟ್ಕೊಂಡು ಏನ್ ಮಾಡ್ತೀರಾ ರಬ್ಬಿ? ಯಾರು ಬಂದು ಕೂತ್ಕೋತಾರೆ?"

"ಮಳೆ ಬರಲಿ, ನೋಡೋಣ" ಎಂದೆ.

ಹನ್ನೊಂದು ಕುರ್ಚಿಗಳನ್ನೂ ಒರೆಸಿ ಬಂದೆ. ಧೂಳು ಬಹಳವಿತ್ತು, ಅದಕ್ಕೆ.